ಕುರಿಯಮ್ಮನ ಷರತ್ತು

ಆ ವರ್ಷ ನನ್ನ ಕೆಲಸ ಮೂರು ಸಲ ನೆಲ ಕಚ್ಚಿತ್ತು. ನಾಲ್ಕನೆಯ ಸಲ ಅದನ್ನು ಎತ್ತಿ ನಿಲ್ಲಿಸಿದವರು ಯಾರು ಎಂದು ಕೇಳಿದರೆ ನಾನು ಮೊದಲು ಹೇಳುವುದು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹೆಂಗಸಿನ ಹೆಸರು. ಹೆಸರೆಂದರೆ, ಎಲ್ಲರೂ ಕರೆಯುತ್ತಿದ್ದ ಹೆಸರು: ಕುರಿಯಮ್ಮ.

ನಾನು ಪಶುವೈದ್ಯೆ. ಆರು ವರ್ಷ ಆಸ್ಪತ್ರೆಯಲ್ಲಿ ದನ, ಕುರಿಗಳಿಗೆ ಸೂಜಿ ಚುಚ್ಚಿ ಆಮೇಲೆ ಸಂಶೋಧನಾ ಕೇಂದ್ರ ಸೇರಿದವಳು. ಅಲ್ಲಿ ನನ್ನ ಪಾಲಿಗೆ ಬಂದದ್ದು ಕುರಿಗಳ ಶ್ವಾಸಕೋಶಕ್ಕೆ ಅಂಟುವ ಒಂದು ವೈರಸ್. ಮನುಷ್ಯರಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಮಂದೆಗೆ ಹೊಕ್ಕಿತೆಂದರೆ ಮೂರರಲ್ಲೊಂದು ಕುರಿ ಕೆಮ್ಮಿ ಕೆಮ್ಮಿ ಸಾಯುತ್ತಿತ್ತು. ವಿಚಿತ್ರವೆಂದರೆ ಅದೇ ಮಂದೆಯಲ್ಲಿ ಕೆಲವು ಕುರಿಗಳ ಮೂಗಿನಲ್ಲೂ ರಕ್ತದಲ್ಲೂ ಅದೇ ವೈರಸ್ ಸಿಕ್ಕರೂ ಅವು ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೇಯುತ್ತಿದ್ದವು. ಇವುಗಳಲ್ಲಿ ಏನಿದೆ, ಸಾಯುವ ಕುರಿಗಳಲ್ಲಿ ಏನಿಲ್ಲ? ಇಷ್ಟೇ ನನ್ನ ಪ್ರಶ್ನೆ.

ನನಗಿಂತ ಮೊದಲು ಈ ಪ್ರಶ್ನೆ ಹಿಡಿದವರು ಶ್ವಾಸಕೋಶದ ಚೂರನ್ನು ಅರೆದು, ಲಕ್ಷಾಂತರ ಜೀವಕೋಶಗಳನ್ನು ಒಟ್ಟಿಗೆ ಅಳೆದಿದ್ದರು. ಬಂದ ಲೆಕ್ಕದಲ್ಲಿ ಗಟ್ಟಿ ಕುರಿಗೂ ಕಾಯಿಲೆಯ ಕುರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನಮ್ಮ ಅತ್ತೆಗೆ ಇದನ್ನು ಹೇಳಿದೆ. ಅತ್ತೆ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಅವರು ನಕ್ಕುಬಿಟ್ಟರು.

"ಸರಾಸರಿ ಮೂವತ್ತೈದು ಬಂದ ಒಂದು ಕ್ಲಾಸು ನನಗೂ ಇತ್ತು ಕಣೆ. ಅರ್ಧ ಮಕ್ಕಳಿಗೆ ಎಪ್ಪತ್ತು, ಅರ್ಧ ಮಕ್ಕಳಿಗೆ ಸೊನ್ನೆ. ಮೂವತ್ತೈದು ತೆಗೆದ ಮಗು ಒಂದೂ ಇರಲಿಲ್ಲ. ಒಬ್ಬೊಬ್ಬರ ಉತ್ತರಪತ್ರಿಕೆ ಬಿಚ್ಚಿ ನೋಡದೆ ನಿಮ್ಮವರಿಗೆ ಏನು ಗೊತ್ತಾಗುತ್ತೆ?"

ಅತ್ತೆ ಹೇಳಿದ್ದೇ ಹೊಸ ವಿಧಾನ. ಒಂದೊಂದು ಜೀವಕೋಶವನ್ನೂ ಬೇರೆಬೇರೆಯಾಗಿ ಓದುವುದು. ನಮ್ಮ ಕೇಂದ್ರಕ್ಕೆ ಅದಕ್ಕಾಗಿ ಒಂದು ಯಂತ್ರ ಬಂದಿತ್ತು, ಟ್ರಂಕಿನಷ್ಟು ದೊಡ್ಡದು. ಅದರೊಳಗೆ ಅಂಗೈಯಗಲದ ಚಿಪ್ ಇಡಬೇಕು. ಚಿಪ್ಪಿನ ಕೂದಲಿನಂಥ ಹಾದಿಗಳಲ್ಲಿ ಎಣ್ಣೆಯ ನಡುವೆ ಪುಟ್ಟ ಪುಟ್ಟ ನೀರಿನ ಹನಿಗಳು ಸಾಗುತ್ತವೆ. ಒಂದು ಹನಿಯಲ್ಲಿ ಒಂದೇ ಜೀವಕೋಶ, ಅದರ ಜೊತೆಗೆ ಒಂದು ಗುರುತಿನ ಚೀಟಿ. ಆ ಕೋಶ ಆ ಗಳಿಗೆಯಲ್ಲಿ ಏನೇನು ಕೆಲಸ ಮಾಡುತ್ತಿತ್ತೋ ಅಷ್ಟಕ್ಕೂ ಅದೇ ಗುರುತು ಅಂಟಿಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಓದಿದರೂ ಯಾವ ಕೋಶದೊಳಗೆ ವೈರಸ್ ಇತ್ತು, ಯಾವುದರೊಳಗೆ ಇರಲಿಲ್ಲ, ಪಕ್ಕದವನ ಮನೆಗೆ ಕಳ್ಳ ಹೊಕ್ಕಾಗ ಇದು ಎಚ್ಚರವಾಗಿತ್ತೋ ನಿದ್ದೆ ಮಾಡುತ್ತಿತ್ತೋ, ಎಲ್ಲ ತಿಳಿಯುತ್ತದೆ.

ಆದರೆ ಯಂತ್ರಕ್ಕೆ ಬೇಕಾದದ್ದು ಬದುಕಿರುವ ಕೋಶ. ನಮ್ಮ ಕೇಂದ್ರದಿಂದ ಕುರಿಗಳಿರುವ ಕಡೆಗೆ ಎರಡೂವರೆ ಗಂಟೆಯ ದಾರಿ. ಮೊದಲ ಎರಡು ಸಲ ಅಲ್ಲಿಂದ ಮಾದರಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅರ್ಧಕ್ಕರ್ಧ ಕೋಶಗಳು ನೀಲಿ. ಸತ್ತ ಕೋಶ ನೀಲಿ ಬಣ್ಣ ಹೀರಿಕೊಳ್ಳುತ್ತದೆ. ಮೂರನೆಯ ಸಲ ಕುರಿಗಳನ್ನೇ ಲಾರಿಯಲ್ಲಿ ತರಿಸಿದೆವು. ಕೋಶಗಳೇನೋ ಬದುಕಿದ್ದವು, ಆದರೆ ಲಾರಿಯ ಕುಲುಕಾಟಕ್ಕೆ, ಹೊಸ ಜಾಗದ ಭಯಕ್ಕೆ ಕುರಿಗಳು ಎಷ್ಟು ಬೆದರಿದ್ದವೆಂದರೆ ಪ್ರತಿಯೊಂದು ಕೋಶವೂ ಗಾಬರಿಯ ಮಾತನ್ನೇ ಆಡುತ್ತಿತ್ತು. ವೈರಸ್ಸಿನ ಗಾಬರಿ ಯಾವುದು, ಲಾರಿಯದು ಯಾವುದು ಎಂದು ಬಿಡಿಸಲು ಆಗಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು, ಹಿರಿಯ ಸರ್, ನನ್ನನ್ನು ಕರೆದು ಕೂರಿಸಿದರು.

"ಇನ್ನು ಒಂದೇ ಚಿಪ್ ಉಳಿದಿದೆ. ಅದರ ಅವಧಿ ಈ ತಿಂಗಳಿಗೆ ಮುಗಿಯುತ್ತೆ. ಇದೂ ಕೈಕೊಟ್ಟರೆ ಈ ಕೆಲಸ ನಿಲ್ಲಿಸೋಣ. ನಿಮ್ಮ ಮೇಲೆ ಬೇಜಾರಿಲ್ಲ, ಆದ್ರೆ ಎಷ್ಟು ದಿನ ಅಂತ."

ಅವರು ಅದನ್ನು ಮೆತ್ತಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ನೋವಾಯಿತು.

ಕುರಿಯಮ್ಮನ ಬಗ್ಗೆ ನನಗೆ ಹೇಳಿದವರು ನಮ್ಮ ಪ್ರಯೋಗಾಲಯದ ಸಹಾಯಕರು. ಐವತ್ತು ದಾಟಿದ ಮನುಷ್ಯ. ಕೈಯಲ್ಲಿ ಸದಾ ಐಸ್ ಡಬ್ಬಿ ಇರುತ್ತಿದ್ದುದರಿಂದ ಎಲ್ಲರಿಗೂ ಐಸಣ್ಣ. "ಆ ಕಡೆ ಗುಡ್ಡದ ಬುಡದಲ್ಲಿ ಒಬ್ಬರಿದ್ದಾರೆ ಮೇಡಂ. ನಲವತ್ತೊಂದು ಕುರಿಯಲ್ಲಿ ಹದಿನಾರು ಹೋಗಿವೆ. ಒಂದೊಂದು ಕುರಿಯ ಜಾತಕವೂ ಬಾಯಲ್ಲೇ ಇದೆಯಂತೆ," ಎಂದರು.

ಹೋದೆವು. ಕಲ್ಲಿನ ಗೋಡೆಯ ಉದ್ದನೆಯ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಮನೆ. ಕುರಿಯಮ್ಮ ಬಾಗಿಲಲ್ಲೇ ನಿಂತಿದ್ದರು. ಗಟ್ಟಿ ಮೈಕಟ್ಟು, ಮೊಣಕಾಲಿನವರೆಗೆ ರಬ್ಬರ್ ಬೂಟು. ಮಗ ಗಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮಂದೆ ನೋಡಿಕೊಳ್ಳುತ್ತಿದ್ದವರು ಅತ್ತೆ, ಸೊಸೆ ಇಬ್ಬರೇ.

ನಾನು ವಿಷಯ ಹೇಳಿದೆ. ಅವರ ಮಂದೆಯಲ್ಲಿ ವೈರಸ್ ಇದ್ದೂ ಕೆಮ್ಮದ ಕುರಿಗಳಿದ್ದವು. ಅವುಗಳಲ್ಲಿ ಎದ್ದು ಕಾಣುತ್ತಿದ್ದದ್ದು ಒಂದು ಹಳೆಯ ಹೆಣ್ಣು ಕುರಿ. ಅದರ ಹೆಸರು ಮೊಂಡಿ. ಅಲ್ಲಿನ ಪಶು ಆಸ್ಪತ್ರೆಯವರು ಮೂರು ಸಲ ಪರೀಕ್ಷೆ ಮಾಡಿದಾಗಲೂ ವೈರಸ್ ಸಿಕ್ಕಿತ್ತು. ಮೂರು ಸಲವೂ ಅದು ಪರೀಕ್ಷೆ ಮಾಡಿದವರನ್ನು ಗುಮ್ಮಿತ್ತು.

"ಇವುಗಳನ್ನ ನಮ್ಮ ಕೇಂದ್ರಕ್ಕೆ ಕಳಿಸಿಕೊಡ್ತೀರಾ ಅಮ್ಮ? ಕೊಲ್ಲಲ್ಲ. ಮಂಪರು ಕೊಟ್ಟು, ಸಣ್ಣ ಕೊಳವೆಯಲ್ಲಿ ಶ್ವಾಸಕೋಶಕ್ಕೆ ಸ್ವಲ್ಪ ಉಪ್ಪುನೀರು ಬಿಟ್ಟು ವಾಪಸ್ ತೆಗೀತೀವಿ, ಅಷ್ಟೇ."

ಕುರಿಯಮ್ಮ ತಲೆಯಾಡಿಸಲಿಲ್ಲ. "ಕೊಡಲ್ಲ."

"ಯಾಕಮ್ಮ?"

"ಹೋದ ವರ್ಷ ಪರೀಕ್ಷೆಗೆ ಅಂತ ಎರಡು ತಗೊಂಡು ಹೋದರು. ಅವು ವಾಪಸ್ ಬರಲಿಲ್ಲ, ಏನಾಯ್ತು ಅಂತ ಹೇಳೋಕೂ ಯಾರೂ ಬರಲಿಲ್ಲ. ನನ್ನ ಕುರಿ ಈ ಹೊಸ್ತಿಲು ದಾಟಲ್ಲ ತಾಯಿ. ನೀರು ಬಿಡ್ತೀರೋ, ಎಣ್ಣೆ ಬಿಡ್ತೀರೋ, ಇಲ್ಲೇ ನನ್ನ ಕಣ್ಣೆದುರಿಗೆ ಬಿಡಿ. ಆಗಲ್ಲ ಅಂದ್ರೆ ಕಾಫಿ ಕುಡಿದು ಹೊರಡಿ."

ಕಾಫಿ ಕುಡಿದು ಹೊರಟೆವು. ವ್ಯಾನಿನಲ್ಲಿ ನಾನು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ. ಅರ್ಧ ದಾರಿ ಬಂದ ಮೇಲೆ ಐಸಣ್ಣ ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು: "ಕುರಿ ಹೊಸ್ತಿಲು ದಾಟಬಾರದು ಅಂದ್ರು. ಯಂತ್ರ ದಾಟಬಾರದು ಅಂತ ಅನ್ನಲಿಲ್ಲ."

ನಾನು ಅವರ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಯಂತ್ರದ ತೂಕ ಒಬ್ಬಿಬ್ಬರು ಎತ್ತುವಷ್ಟೇ. ಕೋಶಗಳನ್ನು ಹನಿಗಳೊಳಗೆ ಸೇರಿಸಿ, ಗುರುತು ಅಂಟಿಸುವವರೆಗಿನ ಕೆಲಸ ಅಲ್ಲೇ ಮುಗಿದರೆ ಉಳಿದದ್ದನ್ನು ಹೆಪ್ಪುಗಟ್ಟಿಸಿ ತರಬಹುದು. ಕೊಟ್ಟಿಗೆಯ ಪಕ್ಕದಲ್ಲೇ ಯಂತ್ರವಿದ್ದರೆ ಕೋಶಗಳು ಸಾಯಲು ಸಮಯವೇ ಇಲ್ಲ, ಕುರಿಗೆ ಲಾರಿಯ ಭಯವೂ ಇಲ್ಲ. ನನ್ನ ಮೂರೂ ಸೋಲಿಗೆ ಮದ್ದು ಆ ಹೆಂಗಸಿನ ಹಟದಲ್ಲಿತ್ತು. ನಾನು ಅದನ್ನು ಅಡ್ಡಗಾಲು ಎಂದುಕೊಂಡು ಹೊರಟುಬಂದಿದ್ದೆ.

ಹಿರಿಯ ಸರ್ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಸುರಕ್ಷತಾ ಸಮಿತಿಯ ಮುಂದೆ ತಾವೇ ಕೂತು ವಾದಿಸಿದರು: ವೈರಸ್ ಈಗಾಗಲೇ ಆ ಮಂದೆಯಲ್ಲಿದೆ, ಹೊಸದಾಗಿ ಏನನ್ನೂ ಒಯ್ಯುತ್ತಿಲ್ಲ, ಹೊರಗೆ ತರುವ ಪ್ರತಿಯೊಂದನ್ನೂ ವೈರಸ್ ಸಾಯುವಂತೆ ಮಾಡಿಯೇ ತರುತ್ತಾರೆ. ಎಂಟು ದಿನದೊಳಗೆ ಅನುಮತಿ ಸಿಕ್ಕಿತು. ಸಹಿ ಮಾಡಿದ ಕಾಗದವನ್ನು ನನ್ನ ಕೈಗಿಟ್ಟು, "ನಾನು ನಿಲ್ಲಿಸೋಣ ಅಂದಿದ್ದನ್ನ ಮನಸ್ಸಿನಲ್ಲಿ ಇಟ್ಕೋಬೇಡಿ," ಎಂದರು.

ತಿಂಗಳು ಮುಗಿಯಲು ಐದು ದಿನವಿರುವಾಗ ನಾವು ಯಂತ್ರ ಹೊತ್ತುಕೊಂಡು ಕುರಿಯಮ್ಮನ ಮನೆಗೆ ಬಂದಿಳಿದೆವು. ಅವರು ನಮ್ಮನ್ನು ನೋಡಿ, ಪೆಟ್ಟಿಗೆಗಳನ್ನು ನೋಡಿ, "ಮನೆ ಖಾಲಿ ಮಾಡ್ಕೊಂಡು ಬಂದ್ರಾ?" ಎಂದರು.

ಉಣ್ಣೆ ತುಂಬಿಡುವ ಕೋಣೆಯನ್ನು ಸೊಸೆ ನಮಗಾಗಿ ತೊಳೆದು ಒರೆಸಿಟ್ಟಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಕೈಗೂಸಿನ ತಾಯಿ, ಮಾತು ಕಡಿಮೆ, ಕಣ್ಣು ಚುರುಕು. ಯಂತ್ರವನ್ನು ಮೇಜಿನ ಮೇಲಿಟ್ಟಾಗ ಒಂದು ಸಮಸ್ಯೆ ಬಂತು. ಯಂತ್ರ ಕೂರುವ ಜಾಗ ಮಟ್ಟಸವಾಗಿರಬೇಕು. ಆ ಕೋಣೆಯ ನೆಲವೋ ನೀರು ಹರಿದುಹೋಗಲೆಂದೇ ಇಳಿಜಾರಾಗಿ ಹಾಕಿದ್ದು. ನಾನೂ ಐಸಣ್ಣನೂ ಮೇಜಿನ ಕಾಲಿನಡಿಗೆ ರಟ್ಟು ಮಡಚಿಟ್ಟು ಒದ್ದಾಡಿದೆವು. ಸೊಸೆ ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಅಗಲದ ತಟ್ಟೆಯಲ್ಲಿ ಅಂಚಿನವರೆಗೆ ನೀರು ತುಂಬಿ ತಂದು ಮೇಜಿನ ನಡುವೆ ಇಟ್ಟಳು. ನೀರು ಒಂದು ಕಡೆ ಚೆಲ್ಲಿತು. ಆ ಕಡೆಯ ಕಾಲಿನಡಿಗೆ ಒತ್ತಿ ಗಟ್ಟಿಮಾಡಿದ ಉಣ್ಣೆಯ ತುಂಡೊಂದನ್ನು ತುರುಕಿದಳು. ಇನ್ನೊಂದು ತುರುಕಿದಳು. ನೀರು ಅಲುಗದೆ ನಿಂತಿತು.

"ಉಣ್ಣೆ ಇಟ್ರೆ ನಡುಗೋದೂ ಇಲ್ಲ," ಎಂದಳು. ಅವತ್ತು ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ನಾಲ್ಕು ಕುರಿಗಳನ್ನು ಆರಿಸಿಕೊಂಡೆವು. ಮೊಂಡಿ ಮತ್ತು ಅದರಂತೆಯೇ ಗಟ್ಟಿಯಾಗಿದ್ದ ಇನ್ನೊಂದು. ಕೆಮ್ಮು ಶುರುವಾಗಿದ್ದ ಎರಡು. ಚಿಪ್ಪಿನಲ್ಲಿ ಎಂಟು ಹಾದಿ. ಒಂದೊಂದು ಕುರಿಗೆ ಎರಡೆರಡು. ಎಲ್ಲವನ್ನೂ ಒಂದೇ ಸಲಕ್ಕೆ ಹಾಕಬೇಕು. ಅರ್ಧ ಮಾಡಿ ಅರ್ಧ ನಾಳೆಗೆ ಉಳಿಸುವಂತಿಲ್ಲ.

ಕುರಿಯಮ್ಮ ಮೊಂಡಿಯ ತಲೆಯನ್ನು ತಮ್ಮ ತೊಡೆಗಳ ನಡುವೆ ಹಿಡಿದು ಕೂತರು. ನಾನು ಮಂಪರಿನ ಮದ್ದು ಕೊಟ್ಟೆ. ಕಣ್ಣು ಮುಚ್ಚುವವರೆಗೂ ಅವರು ಅದರ ಕಿವಿಯ ಬುಡ ತಿಕ್ಕುತ್ತಾ ಏನೋ ಹೇಳುತ್ತಲೇ ಇದ್ದರು. ಉಸಿರುಕೊಳವೆಗೆ ಟ್ಯೂಬು ಇಳಿಸಿ, ಬೆಚ್ಚಗಿನ ಉಪ್ಪುನೀರು ಬಿಟ್ಟು, ನಿಧಾನವಾಗಿ ಸಿರಿಂಜಿಗೆ ಎಳೆದುಕೊಂಡೆ. ಸ್ವಲ್ಪ ನೊರೆ, ಸ್ವಲ್ಪ ಮಬ್ಬು ನೀರು.

"ಇಷ್ಟೇನಾ?" ಎಂದರು ಕುರಿಯಮ್ಮ.

"ಇದರಲ್ಲಿ ಲಕ್ಷಗಟ್ಟಲೆ ಇವೆ ಅಮ್ಮ."

"ನನ್ನ ಕಣ್ಣಿಗೆ ಪಾತ್ರೆ ತೊಳೆದ ನೀರಿನ ಥರ ಕಾಣ್ತದೆ. ಇರಲಿ, ನೀವು ಓದಿದವರು."

ಮಾದರಿಯನ್ನು ಸೊಸೆ ಐಸ್ ಡಬ್ಬಿಯಲ್ಲಿ ಪಕ್ಕದ ಕೋಣೆಗೆ ಓಡಿ ಮುಟ್ಟಿಸಿದಳು. ಅಲ್ಲಿ ಐಸಣ್ಣ ಕಾದಿದ್ದರು. ನಾಲ್ಕೂ ಕುರಿ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ನಾನು ಕೈ ತೊಳೆದು, ಬಟ್ಟೆ ಬದಲಿಸಿ ಒಳಗೆ ಹೋದಾಗ ಐಸಣ್ಣ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು. ಅವರ ಹೆಬ್ಬೆರಳು ಎಣಿಕೆಯ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತುತ್ತಿತ್ತು.

"ನೂರಕ್ಕೆ ತೊಂಬತ್ನಾಲ್ಕು," ಎಂದರು ಅವರು ತಲೆ ಎತ್ತದೆ. "ಬದುಕಿರೋವು."

ನಾನು ಅಲ್ಲೇ ಉಣ್ಣೆಯ ಮೂಟೆಯ ಮೇಲೆ ಕೂತೆ. ಐಸಣ್ಣ ಚಿಪ್ಪನ್ನು ನನ್ನ ಕೈಗೆ ಕೊಟ್ಟರು. ಅದನ್ನು ತುಂಬುವ ಕೆಲಸ ನನ್ನದಾಗಲಿ ಎಂದು. ಮೂರು ಸಲ ನನ್ನ ಜೊತೆ ಸೋತವರು ಅವರು. ಒಂದು ದಿನವೂ ಅವರ ಬಾಯಿಂದ ಚುಚ್ಚುಮಾತು ಬಂದಿರಲಿಲ್ಲ.

ಯಂತ್ರ ಹದಿನೆಂಟು ನಿಮಿಷ ಗುಂಯ್‌ಗುಟ್ಟಿತು. ಕುರಿಯಮ್ಮನೂ ಬೂಟು ಬಿಚ್ಚಿ, ತೊಳೆದ ಕಾಲಲ್ಲಿ ಬಾಗಿಲ ಬಳಿ ಬಂದು ನಿಂತರು. ಹನಿಗಳು ಸರಿಯಾಗಿ ಆಗಿದ್ದರೆ ಹಾಲಿನಂತೆ ಬೆಳ್ಳಗಿರುತ್ತವೆ. ಕೆಟ್ಟಿದ್ದರೆ ತಿಳಿಯಾಗಿ ಕಾಣುತ್ತವೆ. ಎಂಟು ಟ್ಯೂಬುಗಳನ್ನು ಬೆಳಕಿಗೆ ಹಿಡಿದೆ. ಎಂಟೂ ಬೆಳ್ಳಗಿದ್ದವು.

"ಹಾಲಾಯ್ತಲ್ಲ," ಎಂದರು ಕುರಿಯಮ್ಮ. "ಮೊಂಡಿ ಹಾಲು ಬಿಟ್ಟು ಮೂರು ವರ್ಷ ಆಗಿತ್ತು."

ಎಲ್ಲರೂ ನಕ್ಕೆವು. ಅಷ್ಟು ಹೊತ್ತಿಗೆ ಮೊಂಡಿ ಎದ್ದು ನಿಂತು ನನ್ನ ಮದ್ದಿನ ಪೆಟ್ಟಿಗೆಯನ್ನು ಗುಮ್ಮಿ ಬೀಳಿಸಿತ್ತು.

ಮುಂದಿನ ಏಳು ವಾರ ಓದುವುದು, ಬಿಡಿಸುವುದು. ಹದಿನೆಂಟು ಸಾವಿರ ಕೋಶಗಳು. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೂ ಒಂದೊಂದು ಚುಕ್ಕೆ. ನಮ್ಮ ಅತ್ತೆ ಆ ದಿನಗಳಲ್ಲಿ ಮನೆಯ ಯಾವ ಕೆಲಸವನ್ನೂ ನನ್ನ ಕಿವಿಗೆ ಹಾಕಲಿಲ್ಲ. ಊಟದ ಡಬ್ಬಿ ಕಟ್ಟಿ ಬಾಗಿಲಲ್ಲಿ ಇಟ್ಟಿರುತ್ತಿದ್ದರು. ಒಂದು ಸಂಜೆ ನಾನು ಬಿಡಿಸಿಕೊಂಡು ಬಂದ ಲೆಕ್ಕವನ್ನು ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ನಾನು ಎರಡು ಸಾಲು ಅದಲುಬದಲು ಮಾಡಿದ್ದನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ತೋರಿಸಿದರು. ನಾನು ಬೈಸಿಕೊಂಡ ಹುಡುಗಿಯಂತೆ ತಿದ್ದಿಕೊಂಡೆ.

ಕಂಡದ್ದು ಇಷ್ಟು. ಮೊಂಡಿಯ ಶ್ವಾಸಕೋಶದಲ್ಲಿ ವೈರಸ್ ಇತ್ತು, ಆದರೆ ನೂರಕ್ಕೆ ಎರಡು ಕೋಶಗಳಲ್ಲಿ ಮಾತ್ರ. ಅವೂ ಒಂದೇ ಜಾತಿಯವು, ಶ್ವಾಸಕೋಶದ ಕಸ ನುಂಗುವ ಕಾವಲು ಕೋಶಗಳು. ಅವುಗಳ ಸುತ್ತಲಿನ, ವೈರಸ್ ಇನ್ನೂ ಮುಟ್ಟದ ಕೋಶಗಳೆಲ್ಲ ಆಗಲೇ ಎಚ್ಚೆತ್ತು ಬಾಗಿಲು ಹಾಕಿಕೊಂಡಿದ್ದವು. ಕೆಮ್ಮುವ ಕುರಿಗಳಲ್ಲಿ ಅದೇ ಕಾವಲು ಕೋಶಗಳಲ್ಲಿ ಅರ್ಧದಷ್ಟಕ್ಕೆ ವೈರಸ್ ಹೊಕ್ಕಿತ್ತು, ಆದರೂ ಅಕ್ಕಪಕ್ಕದವು ಸದ್ದಿಲ್ಲದೆ ಕೂತಿದ್ದವು. ಒಳಹೊಕ್ಕ ವೈರಸ್ ಮೊದಲು ಎಚ್ಚರಿಕೆಯ ಗಂಟೆಯನ್ನೇ ಕಟ್ಟಿಹಾಕುತ್ತಿತ್ತು. ಮೊಂಡಿಯಂಥ ಕುರಿಗಳಲ್ಲಿ ಅದು ಕಟ್ಟುವ ಮೊದಲೇ ಗಂಟೆ ಬಾರಿಸಿಯಾಗಿರುತ್ತಿತ್ತು. ಎಲ್ಲವನ್ನೂ ಅರೆದು ಸರಾಸರಿ ತೆಗೆದರೆ ಇದು ಕಾಣುವ ಮಾತೇ ಇರಲಿಲ್ಲ.

ಇದನ್ನು ಹೇಳಲು ನಾನೇ ಹೋದೆ. ಯಾರೂ ವಾಪಸ್ ಬಂದು ಹೇಳಲಿಲ್ಲ ಎಂಬ ಅವರ ಮಾತು ಮನಸ್ಸಿನಲ್ಲಿ ಉಳಿದಿತ್ತು. ಕುರಿಯಮ್ಮ ಕೊಟ್ಟಿಗೆಯಲ್ಲಿ ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದರು. ನಾನು ಹೇಳುತ್ತಾ ಹೋದೆ. ಅವರು ಕತ್ತರಿಸುತ್ತಾ ಕೇಳಿದರು. ಕಾವಲು ಕೋಶ, ಗಂಟೆ, ಬಾಗಿಲು, ಎಲ್ಲ. ಮುಗಿದ ಮೇಲೆ ಕತ್ತರಿ ಕೆಳಗಿಟ್ಟರು.

"ಒಂದು ಕೇಳ್ತೀನಿ. ಸತ್ತ ಹದಿನಾರು ಇದ್ದವಲ್ಲ. ಅವು ಒದ್ದೆ ನೆಲದಲ್ಲಿ ಮಲಗಿದ್ದಕ್ಕೆ ಸತ್ತವಾ?"

"ಯಾಕೆ ಕೇಳ್ತೀರಿ?"

"ಆ ವಾರ ನಂಗೆ ಮೈ ಸರಿ ಇರಲಿಲ್ಲ. ಎರಡು ದಿನ ಕೊಟ್ಟಿಗೆಗೆ ಒಣಹುಲ್ಲು ಹಾಸಲಿಲ್ಲ. ಮೂರನೇ ದಿನ ಕೆಮ್ಮು ಶುರುವಾಯ್ತು. ಸೊಸೆ ಆಗ ಬಸುರಿ, ಅದಕ್ಕೇ ಇವಳಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ನಾನೇ ಕೊಂದೆ ಅಂತ ಒಂದು ವರ್ಷದಿಂದ ಹೊಟ್ಟೆಯೊಳಗೇ ಇಟ್ಕೊಂಡಿದೀನಿ."

ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ. ಸುಮ್ಮನೆ ಸಮಾಧಾನಕ್ಕೆ ಹೇಳುವ ಮಾತು ಅದಾಗಬಾರದಿತ್ತು. "ಇಲ್ಲ ಅಮ್ಮ. ಈ ವೈರಸ್ ಒಳಗೆ ಹೋದ ಮೇಲೆ ಕೆಮ್ಮು ಬರೋಕೆ ಎರಡು ವಾರ ಬೇಕು. ನೀವು ಮಲಗೋಕೆ ಮುಂಚೆನೇ ಅದು ಅವುಗಳ ಒಳಗಿತ್ತು. ಮೊಂಡಿಯೂ ಅದೇ ಒದ್ದೆ ನೆಲದಲ್ಲೇ ಮಲಗಿತ್ತಲ್ಲವಾ? ವ್ಯತ್ಯಾಸ ಇದ್ದದ್ದು ನೆಲದಲ್ಲಲ್ಲ, ಅವುಗಳ ಒಳಗೆ. ನೀವು ದಿನಾ ರೇಷ್ಮೆ ಹಾಸಿದ್ರೂ ಅವನ್ನ ಉಳಿಸೋಕೆ ಆಗ್ತಿರಲಿಲ್ಲ. ಯಾರ ಕಣ್ಣಿಗೂ ಕಾಣುವಂಥದ್ದಲ್ಲ ಅದು."

ಕುರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಎರಡನೆಯ ಸಲವೂ ಒರೆಸಿಕೊಂಡರು. ಸೊಸೆ ಬಂದು ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ಪಕ್ಕದಲ್ಲೇ ಕೂತಳು.

"ನಂಗೆ ಹೇಳಬಾರದಿತ್ತಾ ಅತ್ತೆ?" ಎಂದಳು.

"ಹೇಳಿದ್ರೆ ನೀನು ಆ ಹೊಟ್ಟೆ ಹೊತ್ಕೊಂಡು ಹುಲ್ಲು ಹಾಸೋಕೆ ಹೋಗ್ತಿದ್ದೆ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಋಣ ದೊಡ್ಡದು ತಾಯಿ," ಎಂದರು.

ನಾನು ಅವರಿಗೆ ಧನ್ಯವಾದ ಹೇಳಲೆಂದು ಎರಡೂವರೆ ಗಂಟೆ ವ್ಯಾನಿನಲ್ಲಿ ಕೂತು ಬಂದಿದ್ದೆ. ಅವರ ಕೈ ಹಿಡಿದುಕೊಂಡೆ. ಗೊರಸಿನ ಮಣ್ಣು, ಉಣ್ಣೆಯ ಜಿಡ್ಡು ಎಲ್ಲ ಇದ್ದ ಕೈ. ಅವರೂ ಬಿಡಿಸಿಕೊಳ್ಳಲಿಲ್ಲ.

ಮದ್ದೇನೂ ಇನ್ನೂ ಬಂದಿಲ್ಲ. ಆದರೆ ಆ ಎಚ್ಚರಿಕೆಯ ಗುರುತು ರಕ್ತದ ಕೋಶಗಳಲ್ಲೂ ಸಿಗುತ್ತದೆಯೇ ಎಂದು ಹುಡುಕುತ್ತಾ ಹೋದೆವು. ಎರಡು ವರ್ಷಕ್ಕೆ ಸಿಕ್ಕಿತು. ಈಗ ಮಂದೆಗೆ ವೈರಸ್ ಬಂದ ಸುಳಿವು ಸಿಕ್ಕ ಕೂಡಲೇ ರಕ್ತ ನೋಡಿ, ಗಂಟೆ ತಡವಾಗಿ ಬಾರಿಸುವ ಕುರಿಗಳನ್ನು ಕೆಮ್ಮು ಬರುವ ಮೊದಲೇ ಬೇರೆ ಮಾಡಿ ಆರೈಕೆ ಮಾಡಬಹುದು. ಎಲ್ಲವೂ ಉಳಿಯುವುದಿಲ್ಲ, ಮೊದಲಿಗಿಂತ ಹೆಚ್ಚು ಉಳಿಯುತ್ತವೆ. ಕುರಿಯಮ್ಮನ ಮಂದೆ ಐವತ್ತು ದಾಟಿದೆ. ಮೊಂಡಿ ಕಳೆದ ವರ್ಷ ವಯಸ್ಸಾಗಿ ಸತ್ತಿತು, ಒಂದು ದಿನವೂ ಕೆಮ್ಮದೆ.

ರಕ್ತ ತೆಗೆಯುವುದನ್ನು ಸೊಸೆ ಐಸಣ್ಣನ ಹತ್ತಿರ ಕಲಿತಳು. ನಮ್ಮ ಕೇಂದ್ರದಲ್ಲಿ ಆರು ತಿಂಗಳ ತರಬೇತಿಯನ್ನೂ ಮುಗಿಸಿದಳು. ಆ ದಿನಗಳಲ್ಲಿ ಮಗುವನ್ನು ನೋಡಿಕೊಂಡವರು ಕುರಿಯಮ್ಮ. ಈಗ ಸುತ್ತಲಿನ ಮಂದೆಗಳಿಗೆಲ್ಲ ಅವಳೇ ಹೋಗುತ್ತಾಳೆ. ಮೊನ್ನೆ ಒಂದು ದೊಡ್ಡ ಮಂದೆಯಲ್ಲಿ ಕೈ ಸಾಲದೆ ನನ್ನನ್ನೂ ಕರೆಸಿದಳು. ನಾನು ಸಿರಿಂಜಿಗೆ ಕೈ ಹಾಕಿದರೆ, "ಅದು ನಾನು ನೋಡ್ಕೋತೀನಿ ಮೇಡಂ, ನೀವು ಹಿಡ್ಕೊಳ್ಳಿ," ಎಂದಳು. ಅವಳು ಕತ್ತಿನ ನರವನ್ನು ಬೆರಳಲ್ಲಿ ಒತ್ತಿ ಹುಡುಕುವ ರೀತಿ ನನಗಿಂತ ಚೆನ್ನಾಗಿತ್ತು. ಬೆಳಗಿನ ಒಂಬತ್ತರಿಂದ ಮಧ್ಯಾಹ್ನದವರೆಗೆ ನಾನು ಒಂದರ ಹಿಂದೊಂದು ಮರಿಯನ್ನು ತೋಳಲ್ಲಿ ಅವುಚಿ ಹಿಡಿದುಕೊಂಡು ನಿಂತೆ.